ಗಂಡಸು ಸುತ್ತಿ ಹೇಳಿದರೆ ಜಾಣತನ, ಹೆಂಗಸು ಹೇಳಿದರೆ ಸಂಕೋಚ

2016ರ ಏಪ್ರಿಲ್ 29. ನೈಜೀರಿಯಾದ ಬೆನಿನ್ ಸಿಟಿ. ಅರಮನೆಯ ಹಿರಿಯ ಮುಖಂಡರೊಬ್ಬರು ಕೈಯಲ್ಲಿದ್ದ ಬಿಳಿ ಸೀಮೆಸುಣ್ಣದ ಉಂಡೆಯನ್ನು ನೆಲಕ್ಕೆ ಹಾಕಿ ಒಡೆದರು. ಅಷ್ಟಕ್ಕೇ ಊರಿಗೆಲ್ಲ ಸುದ್ದಿ ತಿಳಿಯಿತು. ಅವರ ಅರಸ, ಓಬಾ ಎರೆಡಿಯಾವುವಾ, ಇನ್ನಿಲ್ಲ. ಅಲ್ಲಿ ಓಬಾ 'ಸತ್ತ' ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸುಣ್ಣ ಒಡೆಯಿತು ಎನ್ನುತ್ತಾರೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ನೈಜೀರಿಯಾದ ಇನ್ನೊಂದು ಸುತ್ತುಮಾತು ಜಗತ್ತಿನ ಕಿವಿಗೆ ಬಿತ್ತು. ಆಗಿನ ಅಧ್ಯಕ್ಷ ಮೊಹಮ್ಮದು ಬುಹಾರಿ ಬರ್ಲಿನ್‌ನಲ್ಲಿ ಜರ್ಮನಿಯ ಚಾನ್ಸಲರ್ ಏಂಜೆಲಾ ಮರ್ಕೆಲ್ ಪಕ್ಕದಲ್ಲಿ ನಿಂತಿದ್ದರು. ಅವರ ಹೆಂಡತಿ ಆಯಿಶಾ ಆಗಷ್ಟೇ ಬಿಬಿಸಿಗೆ ಒಂದು ಸಂದರ್ಶನ ಕೊಟ್ಟಿದ್ದರು. ಗಂಡ ನೇಮಿಸಿರುವ ದೊಡ್ಡ ಅಧಿಕಾರಿಗಳಲ್ಲಿ ಎಷ್ಟೋ ಜನ ಯಾರು ಅಂತ ಗಂಡನಿಗೇ ಗೊತ್ತಿಲ್ಲ, ಹೀಗೇ ನಡೆದರೆ ಮುಂದಿನ ಚುನಾವಣೆಯಲ್ಲಿ ನಾನು ಪ್ರಚಾರಕ್ಕೆ ಹೋಗುವುದಿಲ್ಲ ಎಂದಿದ್ದರು. ಪತ್ರಕರ್ತರು ಅದನ್ನೇ ಕೇಳಿದರು. ಬುಹಾರಿ ನಕ್ಕು, ನನ್ನ ಹೆಂಡತಿ ಯಾವ ಪಕ್ಷದವಳೋ ಗೊತ್ತಿಲ್ಲ, ಅವಳು ನನ್ನ ಅಡುಗೆಮನೆಗೆ, ನಡುಮನೆಗೆ ಮತ್ತೆ 'ಇನ್ನೊಂದು ರೂಮಿಗೆ' ಸೇರಿದವಳು ಎಂದುಬಿಟ್ಟರು.

ಆ ಇನ್ನೊಂದು ರೂಮು ಯಾವುದು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. 'ದಿ ಅದರ್ ರೂಮ್' ಎಂಬುದು ನೈಜೀರಿಯಾದಲ್ಲಿ ವರ್ಷಗಟ್ಟಲೆ ಓಡಾಡಿದ ಜೋಕಾಯಿತು.

ಇಲ್ಲಿ ಯಾರು ಹೇಗೆ ಮಾತಾಡಿದರು ನೋಡಿ. ಸುಣ್ಣ ಒಡೆದವರು ಗಂಡಸು. 'ಇನ್ನೊಂದು ರೂಮು' ಅಂದವರೂ ಗಂಡಸೇ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಬೈಸಿಕೊಂಡವರು ಹೆಂಗಸು. ಆದರೂ 'ನಯವಾಗಿ, ಸುತ್ತಿ ಬಳಸಿ ಮಾತಾಡೋದು ಹೆಂಗಸರ ಗುಣ' ಎನ್ನುವ ನಂಬಿಕೆ ಮಾತ್ರ ಲಾಗೋಸಿನಿಂದ ಲಿಂಗಸುಗೂರಿನವರೆಗೆ ಗಟ್ಟಿಯಾಗಿ ಕೂತಿದೆ.

ಈ ನಂಬಿಕೆ ಎಷ್ಟು ನಿಜ ಎಂದು ನೋಡಲು ಅಲ್ಲಿನದೇ ಒಂದು ಸಣ್ಣ ನಾಡಿಗೆ ಹೋಗೋಣ. ಬೆನಿನ್ ಸಿಟಿಯ ಈಶಾನ್ಯಕ್ಕೆ ಹೋದರೆ ಎಸಾನ್ ಜನರ ನಾಡು. ಎಡೋ ರಾಜ್ಯದ ಮಧ್ಯಭಾಗ. ಎಕ್ಪೋಮಾ, ಉರೋಮಿ, ಇರುವಾ, ಉಬಿಯಾಜಾ, ಇಗುಯೆಬೆನ್ ಅಲ್ಲಿನ ಮುಖ್ಯ ಊರುಗಳು. ಬ್ರಿಟಿಷರು ಬಾಯಿಗೆ ಬಂದ ಹಾಗೆ 'ಇಶಾನ್' ಎಂದು ಬರೆದುಕೊಂಡಿದ್ದರು. ಎಸಾನ್ ಅಂದರೆ 'ಓಡಿಹೋದವರು' ಎಂದು ಅವರ ಕಡೆ ಒಂದು ಕಥೆಯಿದೆ. 15ನೇ ಶತಮಾನದಲ್ಲಿ ಬೆನಿನ್ನಿನ ಓಬಾ ಎವುವಾರೆ ತನ್ನ ಮಕ್ಕಳು ತೀರಿಕೊಂಡಾಗ ಇಡೀ ರಾಜ್ಯಕ್ಕೆ ಸೂತಕ ಹಾಕಿದನಂತೆ. ಸ್ನಾನ ಇಲ್ಲ, ಗಂಡ ಹೆಂಡಿರ ಕೂಟ ಇಲ್ಲ, ಅದೂ ವರ್ಷಗಟ್ಟಲೆ. ತಡೆಯಲಾರದೆ ಕಾಡಿಗೆ ಓಡಿದವರೇ ಎಸಾನರು. ಕಥೆ ಎಷ್ಟು ನಿಜವೋ ಬಿಡಿ. ಅರಸನ ಕಟ್ಟಳೆಗೆ ಎದುರು ಮಾತಾಡದೆ ಸುಮ್ಮನೆ ಎದ್ದು ಹೋಗುವುದೂ ಒಂದು ಬಗೆಯ ಸುತ್ತುಮಾತೇ ಅಲ್ವಾ?

ಇವರ ಭಾಷೆ ಬೆನಿನ್ನಿನ ಎಡೋ ಭಾಷೆಗೆ ದಾಯಾದಿ. ಅದರಲ್ಲಿ 'ಅವನು', 'ಅವಳು' ಎಂಬ ಭೇದವೇ ಇಲ್ಲ. ಎರಡಕ್ಕೂ ಒಂದೇ ಪದ. ಕನ್ನಡದ ನಮಗೆ ಇದು ವಿಚಿತ್ರ ಅನಿಸಬಹುದು. ನಮ್ಮಲ್ಲಿ ಕ್ರಿಯಾಪದದ ಬಾಲದಲ್ಲೇ ಗಂಡು ಹೆಣ್ಣು ಕೂತಿರುತ್ತದೆ, ಬಂದನು, ಬಂದಳು ಅಂತ. ಮರ್ಯಾದೆ ಕೊಟ್ಟಾಗ ಮಾತ್ರ ಅದು ಮಾಯ. 'ಬಂದರು' ಅಂದರೆ ಮೇಷ್ಟರೋ ಮೇಡಮ್ಮೋ ಗೊತ್ತಾಗುವುದಿಲ್ಲ. ಹೆಣ್ಣು ಗಂಡಿನ ಭೇದ ವ್ಯಾಕರಣದಲ್ಲಿ ಇಲ್ಲದಿದ್ದರೆ ಮಾತಿನಲ್ಲೂ ಇರುವುದಿಲ್ಲ ಎಂದುಕೊಂಡರೆ ಎಸಾನ್ ನಾಡು ಅದನ್ನು ಸುಳ್ಳು ಮಾಡುತ್ತದೆ. ಯಾರು ಎಲ್ಲಿ ಬಾಯಿ ತೆರೆಯಬೇಕು, ಯಾವ ಮಾತನ್ನು ಮುಚ್ಚಿ ಆಡಬೇಕು ಎಂಬುದೆಲ್ಲ ಅಲ್ಲಿ ಹೆಣ್ಣಿಗೊಂದು ಥರ, ಗಂಡಿಗೊಂದು ಥರ.

ಅತಿಥಿ ಬಂದರೆ ಏನಾಗುತ್ತದೆ ನೋಡಿ. ನಮ್ಮಲ್ಲಿ ಎಲೆ ಅಡಿಕೆ ಇಟ್ಟ ಹಾಗೆ ಅಲ್ಲಿ ಕೋಲಾ ಕಾಯಿ. ನಸುಗೆಂಪು ಬಣ್ಣದ, ಬಾಯಿಗಿಟ್ಟರೆ ಕಹಿಯಾದ ಬೀಜ. ಅದನ್ನು ತಟ್ಟೆಯಲ್ಲಿ ತಂದಿಡುತ್ತಾರೆ. ಸುಮ್ನೆ ಎತ್ತಿ ತಿನ್ನುವ ಹಾಗಿಲ್ಲ. ಹಿರಿಯ ಗಂಡಸು ಅದನ್ನು ಕೈಗೆತ್ತಿಕೊಂಡು ಪೂರ್ವಿಕರನ್ನು ನೆನೆದು, ಹರಸಿ, ಒಡೆದು ಹಂಚಬೇಕು. ಆ ಭಾಗದಲ್ಲೆಲ್ಲ ಕೋಲಾ ಒಡೆಯುವುದು ಗಂಡಸರ ಕೆಲಸ. ಮನೆಯೊಡತಿಗೆ ಎಪ್ಪತ್ತು ವರ್ಷವಾಗಿದ್ದರೂ ಅಷ್ಟೇ. ಊರ ಪಂಚಾಯ್ತಿಯೂ ಹಾಗೇ. ಊರಿಗೆ ಎಲ್ಲರಿಗಿಂತ ಹಿರಿಯ ಗಂಡಸು ಓಡಿಯೋನ್ವೆಲೆ. ಅವನ ಸುತ್ತ ಹಿರಿಯರ ಗುಂಪು. ಮೇಲೆ ಒನೋಜಿಯೆ ಎಂಬ ಅರಸ. ಅಲ್ಲಿ ಗಾದೆಯಿಲ್ಲದೆ ಮಾತು ಓಡುವುದಿಲ್ಲ. 'ನಿನ್ನ ಮಗ ನನ್ನ ಗಡಿ ಒತ್ತಿದ್ದಾನೆ' ಎಂದು ನೇರವಾಗಿ ಹೇಳಿದರೆ ಅದು ಜಗಳ. ಅದನ್ನೇ ಒಂದು ಗಾದೆಯಲ್ಲಿ ಸುತ್ತಿ ಇಟ್ಟರೆ ದೊಡ್ಡವರ ಮಾತು.

ಗಂಡಸರ ಸುತ್ತುಮಾತಿಗೆ ಹೀಗೆ ಒಂದು ವೇದಿಕೆ ಇದೆ, ತಟ್ಟೆ ಇದೆ, ತಲೆದೂಗುವ ಜನ ಇದ್ದಾರೆ. ಹೆಂಗಸರದ್ದು ಬೇರೆ ಕಡೆ ನಡೆಯುತ್ತದೆ.

ಎಸಾನರದ್ದು ತಂದೆಯ ಕಡೆಯಿಂದ ನಡೆಯುವ ವಂಶ. ಹೆಣ್ಣು ಮದುವೆಯಾಗಿ ಗಂಡನ ಮನೆ ಸೇರುತ್ತಾಳೆ. ಆ ಮನೆಯಲ್ಲಿ ಎಲ್ಲರೂ ಅವಳಿಗಿಂತ ಮೊದಲು ಬಂದವರು. ಅತ್ತೆ, ಮಾವ, ಮೈದುನ, ವಾರಗಿತ್ತಿ, ಹಲವು ಮನೆಗಳಲ್ಲಿ ಮೊದಲ ಹೆಂಡತಿ. ಬಾಯಿ ಜಾರಿದರೆ ಅವಳೊಬ್ಬಳ ಮಾನ ಹೋಗುವುದಿಲ್ಲ. 'ಯಾವ ಮನೆಯಿಂದ ತಂದರಪ್ಪಾ ಇವಳನ್ನ' ಎಂದು ತವರಿಗೆ ಬೈಗುಳ ಹೋಗುತ್ತದೆ. ಹಾಗಾಗಿ ಮುಟ್ಟು, ಬಸಿರು, ಹೊಟ್ಟೆ ಕೆಟ್ಟದ್ದು, ಹಾಸಿಗೆಯ ಸಂಗತಿ ಯಾವುದೇ ಇರಲಿ, ಹೆಸರು ಹಿಡಿದು ಹೇಳದ ಅಭ್ಯಾಸ ಅವಳಿಗೆ ಎಳವೆಯಿಂದಲೇ ಬರುತ್ತದೆ. ಅದೇ ಸಂಗತಿಯನ್ನು ಗಂಡಸು ಪಾಮ್ ವೈನ್ ಅಂಗಡಿಯಲ್ಲಿ ಕೂತು ಜೋರಾಗಿ ಹೇಳಿ ನಗಬಹುದು.

ನೈಜೀರಿಯಾದ ಇಂಗ್ಲಿಷಿಗೂ ಈ ಗುಣ ಹತ್ತಿದೆ. ಹೆರಿಗೆಯಾದರೆ ಅಲ್ಲಿನ ಪೇಪರುಗಳು ಈಗಲೂ 'ಪುಟ್ ಟು ಬೆಡ್' ಎಂದು ಬರೆಯುತ್ತವೆ. ಬೇರೆ ದೇಶದ ಇಂಗ್ಲಿಷಿನವರು ಮಗುವನ್ನು ಮಲಗಿಸಿದಳು ಎಂದುಕೊಳ್ಳುತ್ತಾರೆ. ಶೌಚಕ್ಕೆ ಹೋಗುವುದು 'ಈಸ್ ಮೈಸೆಲ್ಫ್'. ಹಗುರಾಗಿ ಬರುತ್ತೇನೆ ಅನ್ನೋ ಥರ.

ಇದನ್ನೆಲ್ಲ ನೋಡಿದವರು ಸಾಮಾನ್ಯವಾಗಿ ಒಂದು ತೀರ್ಮಾನಕ್ಕೆ ಬರುತ್ತಾರೆ: ಹೆಂಗಸರು ಜಾಸ್ತಿ ನಯ, ಗಂಡಸರು ಜಾಸ್ತಿ ನೇರ. ಭಾಷಾಶಾಸ್ತ್ರದಲ್ಲೂ ಇದಕ್ಕೊಂದು ಇತಿಹಾಸವಿದೆ. 1975ರಲ್ಲಿ ಅಮೆರಿಕದ ರಾಬಿನ್ ಲೇಕಾಫ್, 'ಅಲ್ವಾ?' ಎಂದು ಕೊನೆಗೆ ಸೇರಿಸುವುದು, 'ಒಂಥರಾ', 'ಬಹುಶಃ' ಎಂದು ಮಾತನ್ನು ಮೆತ್ತಗೆ ಮಾಡುವುದು ಹೆಂಗಸರ ಭಾಷೆಯ ಗುರುತು ಎಂದರು. ಐದು ವರ್ಷದ ನಂತರ ವಿಲಿಯಂ ಓಬಾರ್ ಮತ್ತು ಬೋಮನ್ ಆಟ್ಕಿನ್ಸ್, ಅಮೆರಿಕದ ಉತ್ತರ ಕೆರೊಲಿನಾದ ಕೋರ್ಟುಗಳಲ್ಲಿ ಕೇಳಿದ ಸಾಕ್ಷಿಗಳ ಮಾತಿನ ಬಗ್ಗೆ ಬರೆದರು. ಅಲ್ಲಿ ಕಂಡದ್ದೇ ಬೇರೆ. ಸಮಾಜದಲ್ಲಿ ಕೆಳಗಿದ್ದ ಗಂಡಸರೂ ಅದೇ ಮೆತ್ತನೆ ಮಾತಾಡುತ್ತಿದ್ದರು. ದೊಡ್ಡ ಕೆಲಸದಲ್ಲಿದ್ದ, ಕೋರ್ಟಿಗೆ ಬಂದು ಅಭ್ಯಾಸವಿದ್ದ ಹೆಂಗಸರು ಹಾಗೆ ಮಾತಾಡುತ್ತಿರಲಿಲ್ಲ. ಲೇಕಾಫ್ 'ಹೆಂಗಸರದ್ದು' ಎಂದಿದ್ದನ್ನು ಇವರು 'ಅಧಿಕಾರ ಇಲ್ಲದವರದ್ದು' ಎಂದು ಕರೆದರು.

ನನಗೆ ಇದಕ್ಕಿಂತ ಇಷ್ಟವಾದ ಉದಾಹರಣೆ ಮಡಗಾಸ್ಕರ್‌ನದ್ದು. ಎಲಿನರ್ ಕೀನನ್ ಎಂಬ ಸಂಶೋಧಕಿ ಅಲ್ಲಿನ ಗುಡ್ಡಗಾಡಿನ ಒಂದು ಹಳ್ಳಿಯಲ್ಲಿದ್ದು 1974ರಲ್ಲಿ ಬರೆದದ್ದು. ಆ ಹಳ್ಳಿಯಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು. ಸುತ್ತಿ ಮಾತಾಡುವವರು ಗಂಡಸರು. ಎದುರಾಎದುರು ಮುಖ ಮುರಿಯುವ ಹಾಗೆ ಹೇಳುವುದು ಅವರಿಗೆ ಅವಮಾನ. ಮದುವೆಯಲ್ಲಿ, ಸಾವಿನ ಮನೆಯಲ್ಲಿ ಅವರು ಮಾಡುವ 'ಕಬಾರಿ' ಎಂಬ ಭಾಷಣವಂತೂ ಗಾದೆ, ಒಗಟು, ಬಳಸುದಾರಿಗಳ ಮೆರವಣಿಗೆ. ಯುನೆಸ್ಕೋ 2021ರಲ್ಲಿ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಯಾರನ್ನಾದರೂ ಬೈಯಬೇಕೇ? ಸಂತೆಯಲ್ಲಿ ಚೌಕಾಸಿ ಮಾಡಬೇಕೇ? ಅದಕ್ಕೆ ಹೆಂಗಸರು. ಗಂಡಸರು ತಾವು ಒಳ್ಳೆಯವರಾಗಿ ಉಳಿದು ಹೆಂಡತಿಯನ್ನು ಮುಂದೆ ಬಿಡುತ್ತಿದ್ದರು.

ಅಂದಮೇಲೆ ಅಲ್ಲಿ ನೇರ ಮಾತಿಗೆ ಬೆಲೆ ಇರಬೇಕಲ್ಲ? ಇಲ್ಲ. ಅಲ್ಲಿ ಹೆಂಗಸರಿಗೆ 'ಉದ್ದ ನಾಲಿಗೆಯವರು' ಎಂದು ಹೆಸರು. ಮಲಗಾಸಿ ಭಾಷೆಯಲ್ಲೂ ಪದಕ್ಕೆ ಪದ ಅದೇ, ಉದ್ದ ನಾಲಿಗೆ! ಗಂಡಸರು ಮಾಡುವ ಕಡೆ ಸುತ್ತುಮಾತು ದೊಡ್ಡ ಕಲೆ. ಹೆಂಗಸರು ಮಾಡುವ ಕಡೆ ಅದು ಹುಟ್ಟುಗುಣ, ನಾಚಿಕೆ. ಮಾತು ಯಾವ ಥರದ್ದೇ ಇರಲಿ, ಯಾರ ಬಾಯಿಂದ ಬಂತು ಎಂಬುದರ ಮೇಲೆ ಅದಕ್ಕೆ ಬೆಲೆ ಕಟ್ಟುತ್ತಾರೆ. ಎಸಾನ್ ಹೆಂಗಸರ ನಯದ ಬಗ್ಗೆ ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ. ಹೆಂಗಸರ ಬಸಿರಿನ ಮಾತನ್ನು 'ಮುಚ್ಚುಮಾತು' ಎಂದು ಎಣಿಸಿದ ಸಂಶೋಧಕರು, ಹಿರಿಯ ಗಂಡಸರ ಗಾದೆಯನ್ನೂ ಅದೇ ಪಟ್ಟಿಗೆ ಹಾಕಿದರೋ ಅಥವಾ 'ವಾಕ್ಚಾತುರ್ಯ' ಎಂದು ಬೇರೆ ಡಬ್ಬಿಗೆ ತುಂಬಿದರೋ?

ಇನ್ನೊಂದು ತೊಡಕೂ ಇದೆ. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ 1978ರಲ್ಲಿ ಕಟ್ಟಿದ ಸಿದ್ಧಾಂತದ ಪ್ರಕಾರ ಏನನ್ನಾದರೂ ಕೇಳುವುದೇ ಎದುರಿನವರಿಗೆ ಒಂದು ಹೊರೆ. ಅದಕ್ಕೇ ನಾವು ಸುತ್ತಿ ಕೇಳುತ್ತೇವೆ. ನೈಜೀರಿಯಾದ ಇಗ್ಬೋ ಸಮಾಜವನ್ನು ನೋಡಿದ ಒನುಯಿಗ್ಬೋ ನ್ವೋಯೆ 1992ರಲ್ಲಿ ಇದನ್ನು ಪ್ರಶ್ನಿಸಿದರು. ಉಪ್ಪು ಕೊಡಿ, ಮಗುವನ್ನು ನೋಡಿಕೊಳ್ಳಿ ಎಂದು ನೆರೆಯವರನ್ನು ಕೇಳುವುದು ಅಲ್ಲಿ ಹೊರೆಯಲ್ಲ, ಬಳಕೆ. ಒಬ್ಬರ ಮುಖಕ್ಕಿಂತ, ಅಂದರೆ ಮಾನಕ್ಕಿಂತ, ಗುಂಪಿನ ಮುಖ ದೊಡ್ಡದು. ಇಗ್ಬೋ ನಾಡು ಎಸಾನಿಗೆ ದೂರವೇನಲ್ಲ, ನೈಜರ್ ನದಿಯ ಆಚೆ. ಬಟ್ಟಲು ಹಿಡಿದು ಪಕ್ಕದ ಮನೆಗೆ ಸಕ್ಕರೆಗೆ ಹೋಗಿ ಬೆಳೆದ ನಮಗೂ ಇದು ಹೊಸದಲ್ಲ.

ಗಂಡಸರ ನೇರ ಮಾತಿಗೂ ಎಸಾನ್ ನಾಡಿನಲ್ಲೊಂದು ದೊಡ್ಡ ಉದಾಹರಣೆ ಇದೆ. ಉರೋಮಿಯಲ್ಲಿ ಹುಟ್ಟಿದ ಆಂಟನಿ ಎನಾಹೊರೋ 1953ರ ಮಾರ್ಚ್ 31ರಂದು ಲಾಗೋಸಿನ ಶಾಸನಸಭೆಯಲ್ಲಿ ಎದ್ದು ನಿಂತು ಒಂದು ಗೊತ್ತುವಳಿ ಮಂಡಿಸಿದರು. ಆಗವರಿಗೆ 29 ವರ್ಷ. 1956ಕ್ಕೆ ನೈಜೀರಿಯಾಕ್ಕೆ ಸ್ವಯಮಾಡಳಿತ ಬೇಕು ಎಂಬುದು ಅದರ ತಿರುಳು. ಉತ್ತರದ ನಾಯಕ ಅಹ್ಮದು ಬೆಲ್ಲೋ ಒಂದು ತಿದ್ದುಪಡಿ ತಂದರು. '1956ಕ್ಕೆ' ಎಂಬುದನ್ನು ತೆಗೆದು 'ಆದಷ್ಟು ಬೇಗ, ಅನುಕೂಲವಾದಾಗ' ಎಂದು ಹಾಕೋಣ ಎಂದರು. ಕೇಳಲು ಎಷ್ಟು ನಯ! ಅರ್ಥ ಮಾತ್ರ 'ಈಗ ಬೇಡ' ಎಂದೇ. ದಕ್ಷಿಣದ ಸದಸ್ಯರು ಎದ್ದು ಹೊರನಡೆದರು. ಮೇ ತಿಂಗಳಲ್ಲಿ ಕಾನೋ ನಗರದಲ್ಲಿ ಗಲಭೆಯಾಗಿ ಹೆಣ ಬಿದ್ದವು. ಬೆಲ್ಲೋ ಅವರ ಆ ನಯವನ್ನು ಯಾರೂ ಹೆಂಗಸರ ಮಾತು ಅನ್ನಲಿಲ್ಲ, ರಾಜಕೀಯ ಅಂದರು.

ಹಾಗಾದರೆ ಸುತ್ತಿ ಹೇಳುವುದರಿಂದ ನಷ್ಟ ಯಾರಿಗೆ? ಇಲ್ಲಿಗೆ ಬಂದಾಗ ಗಂಡು ಹೆಣ್ಣಿನ ಲೆಕ್ಕ ನಿಜಕ್ಕೂ ಬೇರೆಯಾಗುತ್ತದೆ.

ನಮ್ಮಜ್ಜಿ ತಾತನ ಹೆಸರನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ತಾತ ಹೋದಮೇಲೆ ವಿಧವಾ ವೇತನದ ಅರ್ಜಿಗೆ ನಾನೇ ಕರೆದುಕೊಂಡು ಹೋಗಿದ್ದೆ. 'ಗಂಡನ ಹೆಸರೇನಮ್ಮ?' ಎಂದು ಗುಮಾಸ್ತರು ಕೇಳಿದರು. ಅಜ್ಜಿ ಗೋಡೆಯ ಕ್ಯಾಲೆಂಡರಿನಲ್ಲಿದ್ದ ತಿರುಪತಿ ದೇವರತ್ತ ಕೈ ತೋರಿಸಿದರು. 'ವೆಂಕಟೇಶನೋ, ಶ್ರೀನಿವಾಸನೋ, ತಿಮ್ಮಪ್ಪನೋ?' ಎಂದವರು ಪೆನ್ನು ಹಿಡಿದು ಕಾದರು. ಅಜ್ಜಿ ನನ್ನ ಮುಖ ನೋಡಿದರು. ನಾನು ಜೊತೆಗೆ ಇದ್ದೆ, ಸರಿಹೋಯಿತು. ದಕ್ಷಿಣ ಆಫ್ರಿಕಾದ ಖೋಸಾ, ಜುಲು ಸೊಸೆಯರದ್ದು ಇದಕ್ಕಿಂತ ಕಷ್ಟ. 'ಹ್ಲೊನಿಫಾ' ಎಂಬ ಪದ್ಧತಿಯಲ್ಲಿ ಮಾವನ ಹೆಸರಿನ ಅಕ್ಷರ ಬರುವ ಮಾಮೂಲಿ ಪದಗಳನ್ನೂ ಬಿಟ್ಟು ಬೇರೆ ಪದ ಹುಡುಕಿಕೊಳ್ಳಬೇಕು.

ಅರ್ಜಿಯಾದರೆ ಮೊಮ್ಮಗ ತುಂಬುತ್ತಾನೆ. ಆಸ್ಪತ್ರೆಯಲ್ಲಿ? ಎಸಾನ್ ನಾಡಿನ ಇರುವಾದಲ್ಲಿ ಒಂದು ದೊಡ್ಡ ಬೋಧನಾ ಆಸ್ಪತ್ರೆ ಇದೆ. ಲಾಸಾ ಜ್ವರದ ಚಿಕಿತ್ಸೆಗೆ ನೈಜೀರಿಯಾದಲ್ಲೇ ಹೆಸರಾದದ್ದು. 1969ರಲ್ಲಿ ಲಾಸಾ ಎಂಬ ಊರಲ್ಲಿ ಮೊದಲು ಪತ್ತೆಯಾದ ಈ ಜ್ವರ ಇಲಿಯ ಉಚ್ಚೆ, ಹಿಕ್ಕೆ ತಾಗಿದ ಆಹಾರದಿಂದ ಬರುತ್ತದೆ. ರೋಗಿಯ ರಕ್ತದಿಂದ, ಮೈಯಿಂದ ಬರುವ ದ್ರವದಿಂದ ಇನ್ನೊಬ್ಬರಿಗೂ ಹರಡುತ್ತದೆ. ತುಂಬು ಬಸುರಿಗೆ ಬಂದರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಹಾಗಾಗಿ ಡಾಕ್ಟರು ಕೇಳಲೇಬೇಕಾದ ಪ್ರಶ್ನೆಗಳೆಲ್ಲ ಮುಜುಗರದವೇ. ಬಸಿರಾ? ಎಷ್ಟು ತಿಂಗಳು? ರಕ್ತ ಹೋಗುತ್ತಿದೆಯಾ, ಎಲ್ಲಿಂದ? ಮನೆಯಲ್ಲಿ ಇಲಿ ಇದೆಯಾ? ಇಲಿ ತಿಂದಿದ್ದೀರಾ? ಇದಕ್ಕೆಲ್ಲ 'ಹೊಟ್ಟೆ ಸರಿ ಇಲ್ಲ' ಎಂಬ ಒಂದೇ ಉತ್ತರ ಬಂದರೆ, ಅದೂ ಪಕ್ಕದಲ್ಲಿ ಮಾವ ನಿಂತಿದ್ದರೆ, ಡಾಕ್ಟರಿಗೆ ಏನು ತಿಳಿಯಬೇಕು? ಎಸಾನ್ ಬಲ್ಲ ನರ್ಸ್ ಇಲ್ಲಿ ಸುಮ್ನೆ ಅನುವಾದ ಮಾಡಿದರೆ ಸಾಲದು. 'ಹೊಟ್ಟೆ' ಎಂದಾಗ ಯಾವ ಹೊಟ್ಟೆ ಎಂದು ಕಿವಿಯಲ್ಲಿ ಕೇಳಿ ತಿಳಿಯಬೇಕು.

ಕೋರ್ಟಿನ ಕಥೆ ಇನ್ನೂ ಕಠಿಣ. ನೈಜೀರಿಯಾದ ದಕ್ಷಿಣಕ್ಕೆ ಬ್ರಿಟಿಷರು ಬಿಟ್ಟುಹೋದ ಕ್ರಿಮಿನಲ್ ಕೋಡ್ ಎಳೆಯ ಹುಡುಗಿಯರ ಮೇಲಿನ ಅತ್ಯಾಚಾರವನ್ನು 'ಡಿಫೈಲ್‌ಮೆಂಟ್' ಎನ್ನುತ್ತದೆ. ಅಂದರೆ ಮೈಲಿಗೆ ಮಾಡುವುದು, ಕೆಡಿಸುವುದು. ನಮ್ಮಲ್ಲೂ 'ಹುಡುಗಿಯನ್ನು ಕೆಡಿಸಿದ' ಎನ್ನುತ್ತಾರಲ್ಲ, ಅದೇ. ಮಾಡಿದವನು ಅವನು, ಕೆಟ್ಟವಳು ಮಾತ್ರ ಅವಳು! 1860ರ ನಮ್ಮ ದಂಡಸಂಹಿತೆಯೂ ಹೆಣ್ಣಿನ ಮೇಲಿನ ಹಲ್ಲೆಯನ್ನು 'ಮಾನಭಂಗ' ಎಂದು ಸುತ್ತಿ ಹೇಳಿತ್ತು. 2024ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 74ನೇ ಸೆಕ್ಷನ್ನಿನಲ್ಲೂ ಆ ಮಾತು ಹಾಗೇ ಉಳಿದಿದೆ. ನೈಜೀರಿಯಾ 2015ರಲ್ಲಿ ತಂದ ಹಿಂಸೆ ತಡೆ ಕಾಯ್ದೆ ಈ ಸಂಕೋಚ ಬಿಟ್ಟಿತು. ಯಾವ ಅಂಗಕ್ಕೆ ಏನಾದರೆ ಅತ್ಯಾಚಾರ ಎಂದು ಅಂಗಗಳ ಹೆಸರು ಹಿಡಿದೇ ಬರೆಯಿತು. ಎಡೋ ರಾಜ್ಯವೂ ಅದನ್ನು ಅನುಸರಿಸಿ ತನ್ನದೊಂದು ಕಾನೂನು ಮಾಡಿಕೊಂಡಿತು.

ಕಾನೂನೇನೋ ಬಾಯಿಬಿಟ್ಟಿತು. ಸಾಕ್ಷಿ ಕಟಕಟೆಯಲ್ಲಿ ನಿಂತ ಹುಡುಗಿ ಆ ಹೆಸರುಗಳನ್ನು ಯಾವ ಭಾಷೆಯಲ್ಲಿ ಹೇಳಬೇಕು? ಮನೆಯಲ್ಲಿ ಅವಳಿಗೆ ಆ ಪದಗಳನ್ನು ಕಲಿಸಿಲ್ಲ. ಕಲಿಸಿದ್ದು ಅವನ್ನು ಹೇಳದಿರುವುದನ್ನು. ಸುತ್ತಿ ಹೇಳಿದರೆ ಎದುರು ಪಕ್ಷದ ವಕೀಲ 'ಸ್ಪಷ್ಟವಾಗಿ ಹೇಳು' ಎನ್ನುತ್ತಾನೆ. ಸ್ಪಷ್ಟವಾಗಿ ಹೇಳಿದರೆ ಊರಿನವರು 'ಎಂಥಾ ಬಾಯಿ ಇವಳದ್ದು' ಎನ್ನುತ್ತಾರೆ.

ಈ ಇಕ್ಕಟ್ಟಿಗೆ ಹಲವರು ಕಂಡುಕೊಂಡಿರುವ ದಾರಿ ಇಂಗ್ಲಿಷ್. ನಮ್ಮ ಹುಡುಗಿಯರು 'ಪೀರಿಯಡ್ಸ್', 'ಪ್ರೆಗ್ನೆಂಟ್' ಎನ್ನುವ ಹಾಗೆ. ಪರಭಾಷೆಯ ಪದಕ್ಕೆ ಚುಚ್ಚುವ ಮುಳ್ಳು ಕಮ್ಮಿ. ತಾಯಿನುಡಿಯಲ್ಲಿ ಕಿವಿ ಕೆಂಪಾಗುವ ಮಾತು ಇಂಗ್ಲಿಷಿನಲ್ಲಿ ಬರಿಯ ಮಾಹಿತಿಯಾಗಿ ಬಿಡುತ್ತದೆ. ನೇರವಾಗಿ ಹೇಳಿದ ಹಾಗೂ ಆಯಿತು, ಮುಚ್ಚಿ ಹೇಳಿದ ಹಾಗೂ ಆಯಿತು. ಆದರೆ ಇದು ಶಾಲೆಗೆ ಹೋದವಳಿಗೆ ಮಾತ್ರ ಸಿಗುವ ಮರೆ.

ಅದೇ ಹೊತ್ತಿಗೆ ಎಸಾನ್ ಭಾಷೆಯ ಜಾಗವೇ ಕಿರಿದಾಗುತ್ತಿದೆ. 2022ರ ನವೆಂಬರ್‌ನಲ್ಲಿ ನೈಜೀರಿಯಾ ಸರ್ಕಾರ ಪ್ರಾಥಮಿಕ ಶಾಲೆಯ ಮೊದಲ ಆರು ವರ್ಷ ತಾಯಿನುಡಿಯಲ್ಲೇ ಕಲಿಸಬೇಕು ಎಂಬ ನೀತಿಗೆ ಒಪ್ಪಿಗೆ ಕೊಟ್ಟಿತು. ಮೂರೇ ವರ್ಷ. 2025ರ ನವೆಂಬರ್‌ನಲ್ಲಿ ಅದನ್ನು ಕೈಬಿಟ್ಟು ಇಂಗ್ಲಿಷಿಗೇ ಮರಳುವುದಾಗಿ ಶಿಕ್ಷಣ ಸಚಿವರು ಹೇಳಿದರು. ಹೌಸಾ, ಯೊರುಬಾ, ಇಗ್ಬೋ ಭಾಷೆಗಳಿಗೆ ಹೇಗೋ ಸಿನಿಮಾ ಇದೆ, ರೇಡಿಯೋ ಇದೆ. ಎಸಾನಿನಂಥ ನುಡಿಗೆ ಇರುವುದು ಮನೆ, ಸಂತೆ ಮತ್ತು ಅರಸನ ಅಂಗಳ. ಊರು ಬಿಟ್ಟು ಲಾಗೋಸಿಗೋ ಇಟಲಿಗೋ ಹೋದವರ ಮನೆಯಲ್ಲಿ ಮಕ್ಕಳು ಇಂಗ್ಲಿಷ್, ಪಿಜಿನ್ ಎಂಬ ಬೆರಕೆ ಇಂಗ್ಲಿಷ್, ಇಟಾಲಿಯನ್ ಆಡುತ್ತವೆ.

ಭಾಷೆ ಸವೆಯುವಾಗ 'ನೀರು', 'ಅನ್ನ', 'ಬಾ', 'ಹೋಗು' ಎಂಬ ಪದಗಳು ಕೊನೆತನಕ ಉಳಿಯುತ್ತವೆ. ಮೊದಲು ಉದುರುವುದು ಸುತ್ತುಮಾತು. ವಿದೇಶದಲ್ಲಿ ಬೆಳೆದ ನಮ್ಮ ಮಕ್ಕಳ ಕನ್ನಡ ಕೇಳಿದವರಿಗೆ ಇದು ಗೊತ್ತು. ಅವರಿಗೆ 'ಬೇಡ' ಬರುತ್ತದೆ. 'ಈಗ ತಾನೇ ಆಯ್ತು, ಇನ್ನೊಂದ್ಸಲ ಬಂದಾಗ' ಬರುವುದಿಲ್ಲ. ಎಸಾನಿನಲ್ಲಿ ಗಂಡಸರ ಗಾದೆಗಳನ್ನು ಬರೆದಿಟ್ಟ ಸಂಗ್ರಹಗಳಾದರೂ ಇವೆ. ಸಭೆಯಲ್ಲಿ ಆಡಿದ್ದು, ಕಿವಿಗೆ ಬಿದ್ದದ್ದು, ಬರೆದುಕೊಳ್ಳಲು ಸುಲಭ. ಬಸಿರಾದ ಮಗಳಿಗೆ ತಾಯಿ ಅಡುಗೆಮನೆಯಲ್ಲಿ ಕಣ್ಣು ತಗ್ಗಿಸಿ ಏನೆಂದು ಕೇಳುತ್ತಿದ್ದಳು, ಆ ಮಾತನ್ನು ರೆಕಾರ್ಡರ್ ಹಿಡಿದು ಬಂದ ಹೊರಗಿನವನ ಮುಂದೆ ಅವಳು ಆಡುವುದಿಲ್ಲ. ಆಡಬಾರದು ಎಂಬುದೇ ಅದರ ನಿಯಮ.